ಮೀಟರ್ ಆಮೇಲೆ, ಮೊದಲು ಸೆಕೆಂಡ್ ನೋಡಿ: ದಾವಣಗೆರೆಯಿಂದ ಸರ್ಫಿಂಗ್‌ಗೆ ಹೊರಡುವ ಮುಂಚೆ

ಕಡಲ ಪಕ್ಕದಲ್ಲೇ ಇರುವವರಿಗೆ ಈ ಲೇಖನ ಬೇಕಾಗಿಲ್ಲ. ಅವರು ಬೆಳಿಗ್ಗೆ ಎದ್ದು ಮನೆ ಹಿಂದಕ್ಕೆ ಹೋಗಿ ಅಲೆ ನೋಡುತ್ತಾರೆ, ಚೆನ್ನಾಗಿದ್ದರೆ ಇಳಿಯುತ್ತಾರೆ, ಇಲ್ಲದಿದ್ದರೆ ಚಹಾ ಕುಡಿದು ಸುಮ್ನಿರುತ್ತಾರೆ. ದಾವಣಗೆರೆಯವರಾದ ನಮ್ಮ ಕಥೆ ಬೇರೆ. ಸರ್ಫಿಂಗ್ ಅಂದರೆ ಬೋರ್ಡ್ ಮೇಲೆ ನಿಂತು ಅಲೆ ಸವಾರಿ ಮಾಡುವುದು. ಅದನ್ನು ಕಲಿಯಲು ನಾವು ಹೋಗುವ, ಮಂಗಳೂರು ಹತ್ತಿರದ ಮೂಲ್ಕಿ ಇಲ್ಲಿಂದ 250 ಕಿಲೋಮೀಟರ್‌ಗೂ ಜಾಸ್ತಿ. ಹೊನ್ನಾಳಿ, ಶಿವಮೊಗ್ಗ, ತೀರ್ಥಹಳ್ಳಿ ದಾಟಿ, ಆಗುಂಬೆ ಘಟ್ಟ ಇಳಿದು, ಹೆಬ್ರಿ ಮೇಲೆ ಹೋಗಿ ಕಡಲು ಮುಟ್ಟುವಷ್ಟರಲ್ಲಿ ಆರು ತಾಸು ಆಗಿರುತ್ತದೆ. ಅಷ್ಟು ದೂರ ಹೋದ ಮೇಲೆ ಅಲೆ ಸರಿಯಿಲ್ಲ ಅಂತ ಗೊತ್ತಾದರೆ ಪೆಟ್ರೋಲೂ ಹೋಯಿತು, ಭಾನುವಾರವೂ ಹೋಯಿತು. ಹಾಗಾಗಿ ನಾವು ಮನೆಯಲ್ಲಿ ಕೂತೇ ಕಡಲನ್ನು ಓದುವುದು ಕಲಿಯಬೇಕು.

ನಾನು ಮೊದಲ ಸಲ ಹೋದದ್ದು ಒಂದು ಮೇ ತಿಂಗಳಲ್ಲಿ. ಫೋನಿನಲ್ಲಿ ಅಲೆ 0.9 ಮೀಟರ್ ಅಂತ ತೋರಿಸುತ್ತಿತ್ತು. ಸೊಂಟದ ಮಟ್ಟ ಅಷ್ಟೇ ತಾನೇ, ಭದ್ರಾ ನಾಲೆಯಲ್ಲಿ ಈಜು ಕಲಿತವನಿಗೆ ಇದೇನು ಮಹಾ ಅಂದುಕೊಂಡೆ. ದಡದಲ್ಲಿ ನಿಂತು ನೋಡಿದರೆ ಎದ್ದು ಬರುತ್ತಿದ್ದ ಅಲೆ ನನ್ನ ತಲೆ ಮಟ್ಟಕ್ಕಿತ್ತು. ಹೇಳಿಕೊಡುವ ಹುಡುಗ ನನ್ನ ಫೋನ್ ಇಸಿದುಕೊಂಡು ನೋಡಿ ನಕ್ಕ. "ಎತ್ತರ ನೋಡಿ ಬಂದದ್ದಾ ಮಾರಾಯ್ರೆ? ಪಕ್ಕದಲ್ಲಿ 17 ಸೆಕೆಂಡ್ ಅಂತ ಉಂಟಲ್ಲ, ಅದನ್ನು ನೋಡ್ಲಿಲ್ವಾ?" ಅವತ್ತು ನನ್ನನ್ನು ನೀರಿಗೇ ಇಳಿಸಲಿಲ್ಲ. ಮೀನೂಟ ಮಾಡಿ ವಾಪಸ್ ಬಂದೆ. ಆ ಸೆಕೆಂಡ್ ಏನು ಅಂತ ತಿಳಿದುಕೊಳ್ಳಲು ಹೋಗಿ ಉಳಿದದ್ದೆಲ್ಲ ಕಲಿತೆ.

ಹಂತ 1: ತಿಂಗಳು ನೋಡಿ

ಇದು ಸುಲಭ. ನಮ್ಮ ಕಡೆ ಆಷಾಢದಲ್ಲಿ ಬಟ್ಟೆ ಒಣಹಾಕಿದರೆ ಪಕ್ಕದ ಓಣಿಯಲ್ಲಿ ಹುಡುಕಬೇಕು, ಅಂಥ ಗಾಳಿ. ಅದೇ ಗಾಳಿ ನಮ್ಮತ್ತ ಬರುವ ಮುಂಚೆ ಅರಬ್ಬಿ ಸಮುದ್ರವನ್ನು ಸಾವಿರಾರು ಕಿಲೋಮೀಟರ್ ಉದ್ದಕ್ಕೂ ಕಡೆದು ಬಂದಿರುತ್ತದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಅದು ಮುಖ್ಯವಾಗಿ ಮೀನು ಮರಿ ಮಾಡುವ ಕಾಲ ಅಂತ ಮಾಡಿದ್ದು, ಆದರೆ ಕಲಿಯುವವರೂ ಅದನ್ನೇ ಗಡಿ ಅಂತ ಇಟ್ಟುಕೊಳ್ಳಬಹುದು. ನಾನಂತೂ ಆಗಸ್ಟ್ ಅನ್ನೂ ಸೇರಿಸಿಕೊಳ್ಳುತ್ತೇನೆ.

ಅಕ್ಟೋಬರ್‌ನಿಂದ ಫೆಬ್ರವರಿ ಕಲಿಯುವವರ ಕಾಲ. ಅಲೆ ಸಣ್ಣದು, ಬೆಳಿಗ್ಗೆ ನೀರು ಸುಮಾರಾಗಿ ಕನ್ನಡಿ ಥರ. ಒಮ್ಮೊಮ್ಮೆ ಅರಬ್ ದೇಶಗಳ ಕಡೆಯ ಶಮಾಲ್ ಗಾಳಿ ಎಬ್ಬಿಸಿದ ಅಲೆ ವಾಯುವ್ಯದಿಂದ ಬರುತ್ತದೆ, ಆಗ ಎರಡು ಮೂರು ದಿನ ಗದ್ದಲ. ಮಾರ್ಚ್ ದಾಟಿದ ಮೇಲೆ ದಕ್ಷಿಣದ ಅಲೆಗಳು ಜೋರಾಗುತ್ತವೆ. ಆಗ ಬರುವುದೇ ನನಗೆ ಸಿಕ್ಕಿದ 17 ಸೆಕೆಂಡಿನ ಅಲೆ.

ಹಂತ 2: ಸೆಕೆಂಡ್ ನೋಡಿ

ಒಂದು ಅಲೆಯ ತುದಿ ದಾಟಿ ಮುಂದಿನ ಅಲೆಯ ತುದಿ ಬರಲು ಹಿಡಿಯುವ ಹೊತ್ತೇ ಈ ಸೆಕೆಂಡ್. ಹತ್ತಿರದ ಗಾಳಿ ಎಬ್ಬಿಸಿದ ಅಲೆ 5ರಿಂದ 8 ಸೆಕೆಂಡಿಗೊಂದು ಬರುತ್ತದೆ. ಗಿಡ್ಡ, ಒರಟು, ಒಂದರ ಮೇಲೊಂದು. ದೂರದಿಂದ ಬಂದ ಅಲೆಯನ್ನು ಸ್ವೆಲ್ ಅನ್ನುತ್ತಾರೆ. ಅದು 12, 14, 17 ಸೆಕೆಂಡಿಗೊಂದು ಬರುತ್ತದೆ.

ದೂರ ಅಂದರೆ ಎಷ್ಟು ದೂರ? ಅಂಟಾರ್ಕ್ಟಿಕಾದ ಮೇಲ್ಭಾಗದ ದಕ್ಷಿಣ ಸಾಗರದಲ್ಲಿ ಬಿರುಗಾಳಿ ಎದ್ದರೆ ಅದರ ಅಲೆ ಸುಮಾರು 7000 ಕಿಲೋಮೀಟರ್ ನಡೆದು ನಮ್ಮ ಕರಾವಳಿಗೆ ಬರುತ್ತದೆ. 16 ಸೆಕೆಂಡಿನ ಅಲೆಗಳ ಗುಂಪು ಆಳದ ನೀರಿನಲ್ಲಿ ಗಂಟೆಗೆ ಸುಮಾರು 45 ಕಿಲೋಮೀಟರ್ ಓಡುತ್ತದೆ. ಲೆಕ್ಕ ಹಾಕಿ. ಆರೇಳು ದಿನದ ದಾರಿ. ಈ ಭಾನುವಾರ ಅಲ್ಲಿ ಹುಟ್ಟಿದ್ದು ಮುಂದಿನ ಶನಿವಾರ ಮೂಲ್ಕಿಯಲ್ಲಿ ನಿಮ್ಮ ಕಾಲಿಗೆ ತಾಗುತ್ತದೆ. ನಮ್ಮಲ್ಲಿ ಆಕಾಶ ಶುಭ್ರ, ಗಾಳಿ ಇಲ್ಲ, ಆದರೂ ಕಡಲು ಉಕ್ಕುತ್ತದೆ. ಕೇರಳದವರು ಇದಕ್ಕೆ ಕಳ್ಳಕ್ಕಡಲ್ ಅನ್ನುತ್ತಾರೆ. ಕಳ್ಳನ ಹಾಗೆ ಸದ್ದಿಲ್ಲದೆ ಬರುವ ಕಡಲು. ಇದಕ್ಕಿಂತ ಸರಿಯಾದ ಹೆಸರು ಸಿಗಲಿಕ್ಕಿಲ್ಲ.

ಸೆಕೆಂಡ್ ಜಾಸ್ತಿಯಾದರೆ ಏನಾಗುತ್ತದೆ ಅಂದರೆ, ಅಲೆ ಉದ್ದವಾಗಿರುತ್ತದೆ. ಆಳದ ನೀರಿನಲ್ಲಿ 8 ಸೆಕೆಂಡಿನ ಅಲೆಯ ಉದ್ದ ಸುಮಾರು 100 ಮೀಟರ್, 14 ಸೆಕೆಂಡಿನದು 300 ಮೀಟರ್ ದಾಟುತ್ತದೆ. ಅಷ್ಟು ಉದ್ದದ ಅಲೆ ಹೊತ್ತು ತರುವ ನೀರೂ ಜಾಸ್ತಿ, ಶಕ್ತಿಯೂ ಜಾಸ್ತಿ. ಅದು ಆಳ ಕಮ್ಮಿ ಇರುವ ಜಾಗಕ್ಕೆ ಬಂದಾಗ ತಳ ತಾಗಿ ವೇಗ ಕಳೆದುಕೊಳ್ಳುತ್ತದೆ, ಹಿಂದಿನ ನೀರು ಬಂದು ಒತ್ತುತ್ತದೆ, ಇಡೀ ಅಲೆ ಮೇಲಕ್ಕೆ ಏಳುತ್ತದೆ. ಹಾಗಾಗಿ ಆಳ ಸಮುದ್ರದಲ್ಲಿ 0.9 ಮೀಟರ್ ಇದ್ದದ್ದು 7 ಸೆಕೆಂಡಿನದಾದರೆ ದಡದಲ್ಲಿ ಎದೆಮಟ್ಟಕ್ಕೆ ನಿಲ್ಲುತ್ತದೆ, 17 ಸೆಕೆಂಡಿನದಾದರೆ ತಲೆಮಟ್ಟ ಮುಟ್ಟುತ್ತದೆ. ಫೋನಿನಲ್ಲಿ ಎರಡಕ್ಕೂ ಬರೆದಿರುವುದು ಅದೇ 0.9.

ಎತ್ತರದ ಬಗ್ಗೆ ಇನ್ನೊಂದು ಮಾತು. ಮುನ್ಸೂಚನೆಯಲ್ಲಿ ಕೊಡುವುದು ಅತಿ ದೊಡ್ಡ ಅಲೆಯ ಎತ್ತರ ಅಲ್ಲ. ದೊಡ್ಡ ಮೂರನೇ ಒಂದು ಭಾಗದ ಅಲೆಗಳ ಸರಾಸರಿ ಅದು. ಆಗೊಮ್ಮೆ ಈಗೊಮ್ಮೆ ಅದರ ಹತ್ತಿರ ಹತ್ತಿರ ಎರಡರಷ್ಟಿನ ಅಲೆಯೂ ಬರುತ್ತದೆ.

ನನ್ನ ಲೆಕ್ಕ ಇಷ್ಟು: 12 ಸೆಕೆಂಡಿನ ಒಳಗಿದ್ದು ಅಲೆ 0.7 ಮೀಟರ್ ಒಳಗಿದ್ದರೆ ಹೊರಡುತ್ತೇನೆ. 14 ದಾಟಿದರೆ ಅರ್ಧ ಮೀಟರ್ ಇದ್ದರೂ ಅಲ್ಲಿಯವರಿಗೆ ಫೋನ್ ಮಾಡಿ ಕೇಳುತ್ತೇನೆ. ಈಗಾಗಲೇ ಪಳಗಿದವರಿಗೆ ಇದು ಹೆದರುಪುಕ್ಕಲು ಲೆಕ್ಕ ಅನಿಸಬಹುದು, ಅವರಿಗಾಗಿ ಬರೆದದ್ದಲ್ಲ.

ಹಂತ 3: ಗಾಳಿ ನೋಡಿ

ಹೆದ್ದಾರಿಯಲ್ಲಿ ಚಿತ್ರದುರ್ಗ ದಾಟುವಾಗ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ಕಾಣುತ್ತವಲ್ಲ, ಅವು ಯಾವ ಕಡೆ ಮುಖ ಮಾಡಿ ನಿಂತಿವೆಯೋ ಗಾಳಿ ಆ ಕಡೆಯಿಂದ ಬರುತ್ತಿದೆ ಅಂತ ಅರ್ಥ. ಗಾಳಿಗೆ ಹೆಸರಿಡುವುದೂ ಹಾಗೇ. ಪಶ್ಚಿಮದ ಗಾಳಿ ಅಂದರೆ ಪಶ್ಚಿಮದಿಂದ ಬರುವುದು. ಆದರೆ ಆ್ಯಪ್‌ಗಳಲ್ಲಿ ಬಾಣದ ಗುರುತು ಗಾಳಿ ಹೋಗುವ ಕಡೆಗೆ ತೋರಿಸುತ್ತದೆ. ಮೊದಮೊದಲು ಎಲ್ಲರೂ ಇಲ್ಲಿ ಎಡವುತ್ತಾರೆ.

ನಮ್ಮ ಕಡಲು ಪಶ್ಚಿಮಕ್ಕಿದೆ. ಆದ್ದರಿಂದ ಪೂರ್ವದಿಂದ, ನೆಲದ ಕಡೆಯಿಂದ ಮೆಲ್ಲಗೆ ಬೀಸುವ ಗಾಳಿ ಒಳ್ಳೆಯದು. ಅದು ಅಲೆಯ ಮುಖವನ್ನು ತಡೆದು ನೀಟಾಗಿ ನಿಲ್ಲಿಸುತ್ತದೆ. ಪಶ್ಚಿಮದಿಂದ ಬಂದರೆ ಅಲೆಯನ್ನು ಹಿಂದಿನಿಂದ ತಳ್ಳಿ ಕಲಸಿ ಹಾಕುತ್ತದೆ. ರಾತ್ರಿ ನೆಲ ತಣ್ಣಗಾಗಿ ಗಾಳಿ ಕಡಲ ಕಡೆ ಹೋಗುತ್ತದೆ, ಬಿಸಿಲೇರಿದ ಮೇಲೆ ನೆಲ ಕಾದು ಗಾಳಿ ಒಳಗೆ ಬರುತ್ತದೆ. ಹೆಚ್ಚುಕಮ್ಮಿ 11 ಗಂಟೆಗೆ ಈ ಬದಲಾವಣೆ. ಅದಕ್ಕೇ ಸರ್ಫಿಂಗ್ ಮಾಡುವವರು ಬೆಳಗಿನ ಜಾವವೇ ಬೋರ್ಡ್ ಹೊತ್ತು ಹೊರಡುವುದು, ಹುಚ್ಚು ಅಂತಲ್ಲ.

ಗಾಳಿಯ ವೇಗವನ್ನು ನಾಟ್‌ನಲ್ಲಿ ಕೊಡುತ್ತಾರೆ. ಒಂದು ನಾಟ್ ಅಂದರೆ ಗಂಟೆಗೆ 1.85 ಕಿಲೋಮೀಟರ್. 8-10 ನಾಟ್ ಒಳಗೆ ಇರಲಿ. ಪೂರ್ವದ ಗಾಳಿ ಒಳ್ಳೆಯದು ಅಂದೆ, ಆದರೆ ಅದೇ 15 ನಾಟ್ ಇದ್ದರೆ ಬೋರ್ಡ್ ಸಮೇತ ನಿಮ್ಮನ್ನು ಆಳಕ್ಕೆ ತಳ್ಳುತ್ತದೆ.

ಹಂತ 4: ಪಂಚಾಂಗ ನೋಡಿ

ತಮಾಷೆ ಅಲ್ಲ. ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್ ಸಾಕು. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನ ದಿನಗಳಲ್ಲಿ ಭರತ ಜೋರು, ಇಳಿತವೂ ಜೋರು. ಅಷ್ಟಮಿ ಆಸುಪಾಸಿನಲ್ಲಿ ಎರಡೂ ಸಾಧಾರಣ. ದಿನಕ್ಕೆ ಎರಡು ಭರತ, ಎರಡು ಇಳಿತ, ಒಂದರಿಂದ ಇನ್ನೊಂದಕ್ಕೆ ಆರು ತಾಸಿನ ಮೇಲೆ ಸ್ವಲ್ಪ. ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತಾ ಇರುತ್ತದೆ. ಹೋದ ವಾರ ಬೆಳಿಗ್ಗೆ 7ಕ್ಕೆ ಭರತ ಇತ್ತು ಅಂತ ಈ ವಾರವೂ ಅದೇ ಹೊತ್ತಿಗೆ ಹೋದರೆ ಇಳಿತ ಸಿಗುತ್ತದೆ.

ಮಂಗಳೂರು ಕಡೆ ಜೋರಿನ ದಿನಗಳಲ್ಲಿ ನೀರಿನ ಮಟ್ಟ ಒಂದು, ಒಂದೂಕಾಲು ಮೀಟರಿನಷ್ಟು ಏರಿ ಇಳಿಯುತ್ತದೆ. ಕಾರವಾರದ ಕಡೆ ಅದಕ್ಕಿಂತ ಜಾಸ್ತಿ. ಇದರಲ್ಲಿ ಮುಖ್ಯವಾಗಿ ಎಚ್ಚರ ಇರಬೇಕಾದದ್ದು ನದಿ ಬಾಯಿಯಲ್ಲಿ. ಸಸಿಹಿತ್ಲುವಿನಲ್ಲಿ ಶಾಂಭವಿ, ನಂದಿನಿ ಎರಡೂ ಹೊಳೆ ಕಡಲು ಸೇರುತ್ತವೆ. ಕೋಡಿ ಬೆಂಗ್ರೆಯಲ್ಲಿ ಸ್ವರ್ಣಾ, ಸೀತಾ. ಇಳಿತದ ನಡುವಿನ ಎರಡು ತಾಸಿನಲ್ಲಿ ನೀರು ವೇಗವಾಗಿ ಹೊರಗೆ ಓಡುತ್ತದೆ. ತೂಬು ಎತ್ತಿದಾಗ ನಾಲೆ ಎಳೆಯುತ್ತದಲ್ಲ, ಹಾಗೆ. ಆ ಹೊತ್ತಲ್ಲಿ ಅಳಿವೆಯ ಹತ್ತಿರ ಇಳಿಯಬೇಡಿ.

ಹಂತ 5: ತಳ ಏನಿದೆ ಅಂತ ಕೇಳಿ

ಮೂಲ್ಕಿ ಕಡೆ ಮರಳಿನ ತಳ. ಬಿದ್ದರೆ ಮೂಗಿಗೆ ಮರಳು ಹೋಗುತ್ತದೆ ಅಷ್ಟೇ. ಭಾರತದ ಮೊದಲ ಸರ್ಫ್ ಕ್ಲಬ್ 2004ರಲ್ಲಿ ಅಲ್ಲೇ ಶುರುವಾಯಿತು, ಕಲಿಯಲು ನಮಗೆ ಅದು ಒಳ್ಳೆಯ ಜಾಗ. ಆದರೆ ನಾಲ್ಕು ಸಲ ಹೋಗಿ ಬೋರ್ಡ್ ಮೇಲೆ ನಿಲ್ಲಲು ಬಂದ ಮೇಲೆ ರೀಫ್ ನೋಡಬೇಕು ಅನ್ನುವ ಚಪಲ ಹುಟ್ಟುತ್ತದೆ. ರೀಫ್ ಅಂದರೆ ನೀರೊಳಗಿನ ಹವಳದ ಅಥವಾ ಕಲ್ಲಿನ ದಿಬ್ಬ.

ಮರಳಿನ ದಿಬ್ಬ ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುತ್ತದೆ, ಅಲೆಯೂ ಅದರ ಜೊತೆ ಬದಲಾಗುತ್ತದೆ. ರೀಫ್ ಅಲ್ಲಾಡುವುದಿಲ್ಲ. ಅದಕ್ಕೇ ಅಲ್ಲಿ ಅಲೆ ಪ್ರತಿಸಲವೂ ಸುಮಾರಾಗಿ ಒಂದೇ ಜಾಗದಲ್ಲಿ ಏಳುತ್ತದೆ, ಒಂದೇ ಥರ ಮುರಿಯುತ್ತದೆ. ಕಲಿಯುವವರಿಗೆ ಇದು ದೊಡ್ಡ ಅನುಕೂಲ. ಭದ್ರಾ ನಾಲೆಯಲ್ಲಿ ನೋಡಿಲ್ಲವಾ, ಇಳಿಜಾರು ನಿಧಾನಕ್ಕಿದ್ದ ಕಡೆ ನೀರು ಸದ್ದಿಲ್ಲದೆ ಜಾರುತ್ತದೆ, ಒಮ್ಮೆಲೇ ಮೆಟ್ಟಿಲು ಬಂದ ಕಡೆ ಬುರುಬುರು ನೊರೆ ಎದ್ದು ಬೀಳುತ್ತದೆ. ಅಲೆಯೂ ತಳದ ಮಾತು ಕೇಳುತ್ತದೆ. ಹವಾಯಿಯ ವೈಕೀಕಿಯಲ್ಲಿ ರೀಫ್ ದಡದಿಂದ ದೂರದ ತನಕ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ, ಅಲೆ ಮೆತ್ತಗೆ ತುದಿಯಿಂದ ಕುಸಿಯುತ್ತದೆ, ಮಕ್ಕಳೂ ಕಲಿಯುತ್ತಾರೆ. ತಾಹಿತಿಯ ತೆಅಹುಪೊದಲ್ಲಿ ಆಳ ನೀರಿನಿಂದ ಒಮ್ಮೆಲೇ ರೀಫ್ ಗೋಡೆ ಎದ್ದಿದೆ, ಅಲ್ಲಿ ಅಲೆ ಕಟ್ಟಡ ಬಿದ್ದ ಹಾಗೆ ಬೀಳುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಸರ್ಫಿಂಗ್ ಸ್ಪರ್ಧೆ ನಡೆದದ್ದು ಅಲ್ಲಿ. ಎರಡೂ ರೀಫೇ. ಹಾಗಾಗಿ "ರೀಫ್ ಬೀಚ್ ಕಲಿಯುವವರಿಗೆ ಆಗುತ್ತಾ" ಅಂತ ಕೇಳಿದರೆ ಎಲ್ಲದಕ್ಕೂ ಒಂದೇ ಉತ್ತರ ಇಲ್ಲ. ಯಾವ ರೀಫ್, ಯಾವ ಹೊತ್ತಿನಲ್ಲಿ ಅಂತ ಕೇಳಬೇಕು.

ಹೊತ್ತು ಯಾಕೆ ಅಂದರೆ, ಅಲೆ ತನ್ನ ಎತ್ತರದ ಸುಮಾರು 1.3 ಪಟ್ಟು ಆಳ ಸಿಕ್ಕಾಗ ಮುರಿಯುತ್ತದೆ. ಒಂದು ಮೀಟರಿನ ಅಲೆ 1.3 ಮೀಟರ್ ನೀರಿನಲ್ಲಿ. ಭರತದಲ್ಲಿ ರೀಫ್ ಮೇಲೆ ಅಷ್ಟು ನೀರಿದ್ದರೆ ನೀವು ಬಿದ್ದರೂ ನೀರಿಗೆ ಬೀಳುತ್ತೀರಿ. ಇಳಿತದಲ್ಲಿ ಮೊಣಕಾಲುದ್ದ ನೀರಿದ್ದರೆ ಕಲ್ಲಿಗೆ ಬೀಳುತ್ತೀರಿ. ನೀರು ತೀರಾ ಜಾಸ್ತಿಯಾದರೆ ಅಲೆ ಮುರಿಯುವುದೇ ಇಲ್ಲ, ಸುಮ್ನೆ ಉಬ್ಬಿ ಹೋಗುತ್ತದೆ. ಕಲಿಯುವವರಿಗೆ ಒಳ್ಳೆಯದು ಅರ್ಧ ಭರತ ಕಳೆದ ಮೇಲಿನಿಂದ ಪೂರ್ತಿ ಭರತದ ತನಕದ ಎರಡು ಎರಡೂವರೆ ತಾಸು. ಭರತ ಇಳಿತದ (ಟೈಡ್) ಪಟ್ಟಿಯಲ್ಲಿ 0.3 ಮೀಟರ್ ಅಂತ ಇದ್ದರೆ ರೀಫ್ ಮೇಲೆ ಅಷ್ಟೇ ಆಳ ಅಂತಲ್ಲ. ಅದು ಬಂದರಿನ ಒಂದು ಗೊತ್ತಾದ ಗುರುತಿನಿಂದ ಅಳೆದ ಲೆಕ್ಕ. ನಿಮ್ಮ ರೀಫ್ ಮೇಲೆ ಎಷ್ಟಿರುತ್ತದೆ ಅಂತ ಅಲ್ಲಿಯವರೇ ಹೇಳಬೇಕು.

ನಮಗೆ ಕೈಗೆಟಕುವ ರೀಫ್ ಅಂದರೆ ಶ್ರೀಲಂಕಾದ್ದು. ಬೆಂಗಳೂರಿನಿಂದ ಕೊಲಂಬೊಗೆ ವಿಮಾನ, ಅಲ್ಲಿಂದ ದಕ್ಷಿಣಕ್ಕೆ ಹಿಕ್ಕಡುವ. ಹವಳವನ್ನು ಕಾಪಾಡಲು ಅಲ್ಲೊಂದು ಕಡಲ ರಾಷ್ಟ್ರೀಯ ಉದ್ಯಾನವೇ ಇದೆ. ನವೆಂಬರ್‌ನಿಂದ ಏಪ್ರಿಲ್ ಅಲ್ಲಿಯ ಒಳ್ಳೆಯ ಕಾಲ. ಭರತ ಇಳಿತದ ಅಂತರ ಅಲ್ಲಿ ಜೋರಿನ ದಿನವೂ ಅರ್ಧ ಮೀಟರಿನ ಆಸುಪಾಸು. ಇಷ್ಟೇನಾ ಅಂತ ನಾನೂ ಸಸಾರ ಮಾಡಿದ್ದೆ. ಇಳಿತದ ಹೊತ್ತಲ್ಲಿ ಬೋರ್ಡ್‌ನಿಂದ ಜಾರಿ, ನಾಲೆಯಲ್ಲಿ ಮಾಡಿದ ಹಾಗೆ ಕಾಲು ಕೆಳಗೆ ಊರಿದೆ. ನಾವು ನೋಡಿರುವ ಬಂಡೆ ಅಂದರೆ ದುರ್ಗದ ಕೋಟೆಯದು, ಕೂತರೆ ಜಾರುವಷ್ಟು ನುಣುಪು. ಹವಳ ಹಾಗಲ್ಲ. ತುರಿಯುವ ಮಣೆ. ಅಂಗಾಲಿನಲ್ಲಿ ಮೂರು ಗೀರು, ಮೊದಲು ನೋವೇ ಆಗಲಿಲ್ಲ, ದಡಕ್ಕೆ ಬಂದ ಮೇಲೆ ಮರಳಿನ ಮೇಲೆ ರಕ್ತದ ಹೆಜ್ಜೆ ನೋಡಿ ಗೊತ್ತಾಯಿತು. ಸಣ್ಣ ಗಾಯ ಅಂತ ಸುಮ್ಮನೆ ಪಟ್ಟಿ ಕಟ್ಟಿದ್ದು ನನ್ನದೇ ತಪ್ಪು. ಎರಡು ದಿನಕ್ಕೆ ಕೀವಾಗಿ, ಊರಿಗೆ ಬಂದು ಹತ್ತು ದಿನ ಚಪ್ಪಲಿ ಹಾಕಲಾಗಲಿಲ್ಲ.

ಆದ್ದರಿಂದ ರೀಫ್ ಮೇಲೆ: ಬಿದ್ದರೆ ಬೆನ್ನು ಅಥವಾ ಹೊಟ್ಟೆ ಮೇಲೆ ಚಪ್ಪಟೆಯಾಗಿ ಬೀಳಿ, ತಲೆ ಮುಂದಾಗಿ ಯಾವತ್ತೂ ಧುಮುಕಬೇಡಿ. ಕಾಲು ಊರಬೇಡಿ, ಬೋರ್ಡ್ ಹಿಡಿದು ತೇಲಿ. ಮೇಲೆ ಬರುವಾಗ ಕೈಯಿಂದ ತಲೆ ಮುಚ್ಚಿಕೊಳ್ಳಿ. ರಬ್ಬರ್ ಬೂಟು ಹಾಕಿಕೊಳ್ಳಿ, ಮುಳ್ಳಿನ ಚೆಂಡಿನಂಥ ಕಡಲ ಪ್ರಾಣಿಗಳೂ (ಸೀ ಅರ್ಚಿನ್) ಆ ಕಲ್ಲಿನ ಸಂದಿಗಳಲ್ಲೇ ಇರುತ್ತವೆ. ಗಾಯವಾದರೆ ಶುದ್ಧ ನೀರು, ಸೋಪು ಹಾಕಿ ಚೆನ್ನಾಗಿ ಉಜ್ಜಿ ಒಳಗಿನ ಹವಳದ ಚೂರು ತೆಗೆಯಬೇಕು, ಆಮೇಲೆ ನಂಜುನಾಶಕ. ಕೆಂಪಾಗಿ ಊದಿದರೆ ಡಾಕ್ಟರ್ ಹತ್ತಿರ ಹೋಗಿ. ಇನ್ನು ಹವಳ ಜೀವಂತ ಪ್ರಾಣಿ. ನೀವು ಅದರ ಮೇಲೆ ನಿಂತರೆ ಅದಕ್ಕೂ ಗಾಯ.

ಹಂತ 6: ಎಲ್ಲಿ ನೋಡಬೇಕು, ಯಾವಾಗ ನಿರ್ಧರಿಸಬೇಕು

ಹೈದರಾಬಾದಿನ ಇನ್ಕಾಯಿಸ್ (INCOIS) ಸಂಸ್ಥೆ ನಮ್ಮ ಕರಾವಳಿಗೆ ಅಲೆಯ ಮುನ್ಸೂಚನೆ, ಎತ್ತರದ ಅಲೆಯ ಎಚ್ಚರಿಕೆ, ಕಳ್ಳಕ್ಕಡಲ್ ಎಚ್ಚರಿಕೆ ಕೊಡುತ್ತದೆ. ಮೊದಲು ಅದನ್ನು ನೋಡಿ. ಎಚ್ಚರಿಕೆ ಇದ್ದರೆ ಮಾತು ಅಲ್ಲಿಗೇ ಮುಗಿಯಿತು. ಮಳೆ ಗುಡುಗಿಗೆ ಹವಾಮಾನ ಇಲಾಖೆ. ಸ್ವೆಲ್, ಸೆಕೆಂಡ್, ಗಾಳಿ ಒಟ್ಟಿಗೆ ನೋಡಲು ವಿಂಡಿ, ವಿಂಡ್‌ಗುರು ಥರದ ಆ್ಯಪ್ ಯಾವುದಾದರೂ ಆಗುತ್ತದೆ.

ಸ್ವೆಲ್ ಅನ್ನು ಐದಾರು ದಿನ ಮುಂಚೆ ನಂಬಬಹುದು, ಅದು ಆಗಲೇ ದಾರಿಯಲ್ಲಿರುತ್ತದೆ. ಗಾಳಿಯನ್ನು ಎರಡು ದಿನಕ್ಕಿಂತ ಮುಂಚೆ ನಂಬಬೇಡಿ. ಹಾಗಾಗಿ ಶನಿವಾರ ಹೋಗಿ ಭಾನುವಾರ ಬೆಳಿಗ್ಗೆ ಇಳಿಯುವುದಾದರೆ ಮಂಗಳವಾರ ಸ್ವೆಲ್ ನೋಡಿ, ಶುಕ್ರವಾರ ರಾತ್ರಿ ಗಾಳಿ ನೋಡಿ. ರೂಮಿಗೆ ಅಡ್ವಾನ್ಸ್ ಕೊಡುವುದು ಶುಕ್ರವಾರದ ಮೇಲೆ.

ಒಂದು ಉದಾಹರಣೆ ಓದೋಣ. "ಭಾನುವಾರ 6:30. ಸ್ವೆಲ್ 0.5 ಮೀಟರ್, 10 ಸೆಕೆಂಡ್, ನೈಋತ್ಯ. ಗಾಳಿ ಪೂರ್ವ 4 ನಾಟ್. ಭರತ 9:10." ಸೆಕೆಂಡ್ 10, ಸರಿ. ಎತ್ತರ ಅರ್ಧ ಮೀಟರ್, ದಡದಲ್ಲಿ ಸೊಂಟದ ಹತ್ತಿರ ಬರಬಹುದು, ಸರಿ. ಪೂರ್ವದ ತೆಳು ಗಾಳಿ, ಬಹಳ ಸರಿ. ನೀರು ಏರುತ್ತಾ ಇದೆ, ಅಂದರೆ ಅಳಿವೆಯ ಎಳೆತವೂ ಇಲ್ಲ. ಆರೂವರೆಗೆ ಇಳಿದು ಒಂಬತ್ತಕ್ಕೆ ಹೊರಗೆ. ಅದೇ ಪುಟದಲ್ಲಿ 11 ಗಂಟೆಗೆ "ಪಶ್ಚಿಮ 12 ನಾಟ್" ಅಂತ ಇರುತ್ತದೆ ನೋಡಿ, ಅಷ್ಟರಲ್ಲಿ ನೀವು ತಿಂಡಿ ತಿನ್ನುತ್ತಿರಬೇಕು. ಗಡಿಯಾರದ ವಿಷಯದಲ್ಲಿ ಒಂದು ಎಚ್ಚರ. ಕೆಲವು ಕಡೆ ಗ್ರೀನ್‌ವಿಚ್ ಸಮಯ (GMT ಅಥವಾ UTC ಅಂತ ಬರೆದಿರುತ್ತದೆ) ತೋರಿಸುತ್ತದೆ, ನಮ್ಮದಕ್ಕೆ ಐದೂವರೆ ತಾಸು ಸೇರಿಸಬೇಕು.

ಹಂತ 7: ದಡದಲ್ಲಿ ನಿಂತು 20 ನಿಮಿಷ

ಫೋನ್ ಎಷ್ಟೇ ಹೇಳಿದರೂ ಹೋದ ಕೂಡಲೇ ಇಳಿಯಬೇಡಿ. ದೂರದ ಅಲೆಗಳು ಗುಂಪಾಗಿ ಬರುತ್ತವೆ. ಹತ್ತು ನಿಮಿಷ ಏನೂ ಇಲ್ಲ, ಆಮೇಲೆ ಸಾಲಾಗಿ ಐದಾರು ದೊಡ್ಡವು. ಆ ದೊಡ್ಡವನ್ನು ನೋಡಿಯೇ ನಿರ್ಧರಿಸಬೇಕು. ಎರಡು ಕಡೆ ಅಲೆ ಮುರಿದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಸ್ವಲ್ಪ ಕಪ್ಪಾಗಿ ಕಂಡರೆ ಅದು ಇಳಿಯಲು ಒಳ್ಳೆಯ ಜಾಗ ಅಲ್ಲ. ಒಳಗೆ ಬಂದ ನೀರು ವಾಪಸ್ ಹೋಗುವ ದಾರಿ ಅದು. ಗೊತ್ತಿಲ್ಲದೆ ಸಿಕ್ಕಿದರೆ ದಡದ ಕಡೆ ಎದುರು ಈಜಿ ಸುಸ್ತಾಗಬೇಡಿ. ಬೋರ್ಡ್ ಬಿಡಬೇಡಿ, ದಡಕ್ಕೆ ಸಮನಾಗಿ ಪಕ್ಕಕ್ಕೆ ಹೋಗಿ, ಆಗದಿದ್ದರೆ ತೇಲುತ್ತಾ ಕೈ ಬೀಸಿ.

ಗುಡುಗು ಕೇಳಿಸಿತಾ, ಹೊರಗೆ ಬನ್ನಿ. ಕೊನೆಯ ಗುಡುಗು ಕೇಳಿ ಅರ್ಧ ತಾಸು ಆಗುವ ತನಕ ಮತ್ತೆ ಇಳಿಯಬೇಡಿ. ಏಪ್ರಿಲ್, ಮೇ, ಅಕ್ಟೋಬರ್‌ನಲ್ಲಿ ಮಧ್ಯಾಹ್ನದ ಮೇಲೆ ಇದು ಸಾಮಾನ್ಯ.

ಬೋರ್ಡ್ 8-9 ಅಡಿಯ ಮೆತ್ತನೆಯದೇ ಇರಲಿ, ಕಾಲಿಗೆ ಕಟ್ಟುವ ಹಗ್ಗ ಗಟ್ಟಿಯಿದೆಯಾ ಎಳೆದು ನೋಡಿ. ತುಂಬು ತೋಳಿನ ಬಿಗಿ ಅಂಗಿ ಹಾಕಿಕೊಳ್ಳಿ, ಇಲ್ಲದಿದ್ದರೆ ಎದೆಯ ಚರ್ಮ ಬೋರ್ಡಿಗೆ ಉಜ್ಜಿ ಉಜ್ಜಿ ಕಿತ್ತುಬರುತ್ತದೆ. ಹೊರಡುವಾಗ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಹೋಗಿ, ಬೇಡ ಅನ್ನುವುದಿಲ್ಲ, ಆದರೆ ನೀರಿನಿಂದ ಹೊರಗೆ ಬಂದ ಮೇಲೆ ಬಿಚ್ಚಿ. ಬೋರ್ಡ್ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ ಕೈ ಹೊಡೆಯುವಾಗ ಮೆಣಸಿನಕಾಯಿ ಬಜ್ಜಿ ಎಲ್ಲಿಗೆ ಬರುತ್ತದೆ ಅಂತ ನನಗೆ ಗೊತ್ತು.

ನೀರಿನಲ್ಲಿ ಎರಡು ತಾಸು ಸಾಕು. ಅಷ್ಟರಲ್ಲೇ ಭುಜ ಎತ್ತಲಾಗದಷ್ಟು ಸೋತಿರುತ್ತದೆ, ಅದೇ ಕೈಯಲ್ಲಿ ಸ್ಟೀರಿಂಗ್ ಹಿಡಿದು ಸಂಜೆ ಮಂಜಿನಲ್ಲಿ ಆಗುಂಬೆ ಹತ್ತಬೇಕು. ನೀರಿಗೆ ಇಳಿಯದೆ ದಡದಲ್ಲಿ ಕೂರುವ ಒಬ್ಬ ಗೆಳೆಯನನ್ನು ಕರೆದುಕೊಂಡು ಹೋಗಿ, ಗಾಡಿ ಅವನೇ ಓಡಿಸಲಿ.